ಎತ್ತಿ ಕುಡಿದ ವೈನ್

ಆ ದಿನ ನಾವು ಹೆಚ್ಚೇನೂ ನೋಡಲಿಲ್ಲ. ಫ್ರಾನ್ಸಿನ ಪೂರ್ವದಂಚಿನ ಅಲ್ಸಾಸ್ ಪ್ರಾಂತ್ಯದಲ್ಲಿ, ಬಿಳಿ ವೈನಿಗೆ ಹೆಸರಾದ ಒಂದು ಹಳ್ಳಿಯಲ್ಲಿ ಬೆಳಿಗ್ಗೆ ಬಸ್ಸಿಳಿದೆವು, ಸಂಜೆ ಅದೇ ನಿಲ್ದಾಣಕ್ಕೆ ಮರಳಿದೆವು. ನಡೆದದ್ದಕ್ಕಿಂತ ಕೂತದ್ದೇ ಹೆಚ್ಚು. ನನ್ನ ಗಂಡ ಒಂದು ಬೆಂಚಿನಿಂದ ಇನ್ನೊಂದು ಬೆಂಚಿನವರೆಗೆ ನಡೆಯುತ್ತಿದ್ದರು. ನಾನು ನೀರಿನ ಬಾಟಲಿ ಹಿಡಿದು ಹಿಂದೆ. ಸುತ್ತ ಇಳಿಜಾರಿನ ತುಂಬ ದ್ರಾಕ್ಷಿ ಸಾಲುಗಳು, ಬಾಚಿದ ತಲೆಯಂತೆ.

ಪ್ರವಾಸ ಬುಕ್ ಮಾಡಿದ್ದು ಲಿಯಾಂಡರ್ ಎಂಬ ಊರಿನಲ್ಲಿರುವ ಮಗಳು, ಅಪಘಾತಕ್ಕೆ ಮುಂಚೆ. ನಾವು ಡಲ್ಲಾಸಿನಿಂದ ಹೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಮನೆಗೆ ಮರಳುತ್ತಿದ್ದೆವು. ಹೈವೇಯಲ್ಲಿ ಟ್ರಾಫಿಕ್ ನಿಂತಿತ್ತು, ನಾವೂ ನಿಂತಿದ್ದೆವು. ಹಿಂದಿನ ಪಿಕಪ್ ಟ್ರಕ್ ನಿಲ್ಲಲಿಲ್ಲ. ನನ್ನ ಗಂಡನ ತಲೆ ಕಿಟಕಿಗೆ ಬಡಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಮೂಳೆ ಮುರಿಯಲಿಲ್ಲ, ಮಾತು ತಪ್ಪಲಿಲ್ಲ. ಮೂಗಿಗೆ ವಾಸನೆ ತಿಳಿಯುವುದು ಹೋಯಿತು. ಬಂದರೆ ತಾನಾಗಿ ಬರಬೇಕು, ಬರದೆಯೂ ಇರಬಹುದು ಎಂದರು ಡಾಕ್ಟರ್.

ಹೂಸ್ಟನ್ ಆಚೆಯ ಒಂದು ಕೆಮಿಕಲ್ ಪ್ಲಾಂಟಿನಲ್ಲಿ, ಪೈಪುಗಳ ನಡುವೆ ಓಡಾಡುವ ಕೆಲಸ ನನ್ನ ಗಂಡನದು. ಸೋರಿಕೆ ಹಿಡಿಯಲು ಮೀಟರುಗಳಿವೆ. ಆದರೂ ಮೂಗನ್ನು ಮನೆಯಲ್ಲಿ ಬಿಟ್ಟು ಬರಬೇಡಿ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವರು ಅವರೇ. ಫ್ರಾನ್ಸಿಗೆ ಹೊರಡುವ ಮುನ್ನ, ವಾಸನೆ ಮರಳಿದೆ ಎಂದು ಕಂಪನಿಯ ಡಾಕ್ಟರಿಗೆ ಹೇಳಿದ್ದರು. ಪ್ರವಾಸ ಮುಗಿಸಿ ಊರು ಸೇರಿದ ಮೇಲಿನ ಸೋಮವಾರದಿಂದಲೇ ಡ್ಯೂಟಿ ಎಂದಾಗಿತ್ತು. ಡಾಕ್ಟರಿಗೆ ಹಾಗೆ ಹೇಳಿದ ವಾರವೇ ಒಮ್ಮೆ ನನ್ನ ಕೈಯಲ್ಲಿ ಒಗ್ಗರಣೆ ಸೀದುಹೋಗಿತ್ತು. ಅವರು ಪಕ್ಕದ ಕೋಣೆಯಿಂದ, "ಘಮ್ ಅಂತಿದೆ ಕಣೇ, ಏನ್ ಸಾರು?" ಎಂದಿದ್ದರು. ನಾನು ಹೊಗೆ ಎಳೆಯುವ ಫ್ಯಾನ್ ಹಾಕಿದ್ದೆ. ಆಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಮಧ್ಯಾಹ್ನ ಒಂದು ತೋಟದವರ ನೆಲಮಾಳಿಗೆಗೆ ಹೋದೆವು. ತೋಟದೊಡತಿ ನಮ್ಮ ವಯಸ್ಸಿನವರೇ. ಪದಗಳನ್ನು ಹುಡುಕಿ ಹುಡುಕಿ ಇಂಗ್ಲಿಷ್ ಮಾತಾಡುತ್ತಿದ್ದರು. ನಾನು ಒಂದು ಗುಟುಕಿನವಳು, ಇಬ್ಬರಿಗೂ ಒಂದೇ ಲೋಟ ಸಾಕೆಂದೆ. ಆಕೆ ಹೊಸ ಬಾಟಲಿ ತೆಗೆದು ಸ್ವಲ್ಪ ಸುರಿದರು. ಮೊದಲು ಮೂಗು, ಆಮೇಲೆ ಬಾಯಿ ಎಂದರು.

ನನ್ನ ಗಂಡ ಲೋಟ ತಿರುಗಿಸಿ, ಮೂಗನ್ನು ಒಳಗಿಟ್ಟು, ಕಣ್ಣು ಮುಚ್ಚಿದರು. ಎದುರು ಗೋಡೆಯ ಚಿತ್ರದಲ್ಲಿ ದ್ರಾಕ್ಷಿಗೊಂಚಲಿನ ಪಕ್ಕ ಒಂದು ಗುಲಾಬಿಯಿತ್ತು. "ರೋಸಸ್," ಎಂದರು ಆಕೆಗೆ. ನನ್ನ ಕಡೆ ತಿರುಗಿ, "ಪನ್ನೀರು ಕಣೇ. ಮದುವೆಮನೆ ಬಾಗಿಲಲ್ಲಿ ನಿಂತ ಹಾಗಿದೆ," ಎಂದು ಲೋಟ ನನಗೆ ಕೊಟ್ಟರು.

ಅವರಿನ್ನೂ ಕುಡಿದಿರಲಿಲ್ಲ. ಒಂದೇ ಲೋಟದಲ್ಲಿ ಇಬ್ಬರು ಕುಡಿಯುವಾಗ ನಮ್ಮಲ್ಲಿ ಯಾರೂ ಕಚ್ಚಿ ಕುಡಿಯುವುದಿಲ್ಲ. ಯೋಚಿಸದೆಯೇ ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಗೇಣೆತ್ತರಕ್ಕೆ ಹಿಡಿದು, ಬಾಯಿಗೆ ಸುರಿದುಕೊಂಡೆ.

"ಓ, ಮದಾಂ!" ಆಕೆ ನಕ್ಕುಬಿಟ್ಟರು.

"ಏನೇ ಇದು, ಬಸ್‌ಸ್ಟ್ಯಾಂಡ್ ನೀರಾ?" ಎಂದರು ಇವರು.

ನುಂಗಿದ ಮೇಲೆ ಅದು ಗಂಟಲಿನಿಂದ ಮೂಗಿಗೆ ಏರಿತು. ನೆರೆ ಇಳಿದ ಮೇಲೆ ಬೀದಿಗೆ ತಂದು ಹಾಕುತ್ತೇವಲ್ಲ, ಆ ಒದ್ದೆ ಕಾರ್ಪೆಟ್ಟಿನ ನಾತ. ಹೂಸ್ಟನ್ನಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನಾನು ಕೆಮ್ಮಿದೆ. ಆಕೆ ನಗು ನಿಲ್ಲಿಸಿ, ಲೋಟ ಇಸಿದುಕೊಂಡು ಮೂಸಿದರು. ಮುಖ ಇಳಿಯಿತು. ಬಿರಡೆ ಕೆಟ್ಟು ವೈನಿಗೆ ಮುಗ್ಗಲು ವಾಸನೆ ಹಿಡಿದಿದೆ, ಕ್ಷಮಿಸಿ, ನಾನೇ ಮೊದಲು ನೋಡಬೇಕಿತ್ತು ಎಂದು ಉಳಿದದ್ದನ್ನು ಬಕೆಟ್ಟಿಗೆ ಚೆಲ್ಲಿದರು. ನನ್ನ ಗಂಡನ ಮುಖವನ್ನು ಆಕೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಆಕೆ ತೆರೆದ ಎರಡನೆಯ ಬಾಟಲಿಯದನ್ನು ನನ್ನ ಗಂಡ ಮುಟ್ಟಲಿಲ್ಲ. "ನೀನು ಕುಡಿ," ಎಂದರು. ಈ ಸಲ ನಾನು ಮೂಗಿಟ್ಟು ನೋಡಿ, ಕಚ್ಚಿಯೇ ಕುಡಿದೆ.

ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು.

"ನಿನಗೆ ಗೊತ್ತಿತ್ತಾ?"

"ಒಗ್ಗರಣೆ ಸೀದ ದಿನಾನೇ."

"ಸೀದಿತ್ತಾ?"

"ಕರಕಲಾಗಿತ್ತು ರೀ."

ಅವರು ಚಪ್ಪಲಿಯ ತುದಿಯಿಂದ ಒಂದು ಕಲ್ಲನ್ನು ಅತ್ತಿತ್ತ ಸರಿಸಿದರು. "ಮನೇಲಿ ಕೂತು ಏನ್ ಮಾಡ್ಲಿ ಹೇಳು? ಟಿವಿ ಮುಂದೆ ನಿದ್ದೆ ಮಾಡ್ಲಾ?"

"ಅದು ನಂಗೊತ್ತಿಲ್ಲ. ಆದ್ರೆ ಆ ಹುಡುಗರು ನಿಮ್ಮ ಮೂಗು ನಂಬ್ಕೊಂಡು ನಿಮ್ಮ ಹಿಂದೆ ಬರ್ತಾರಲ್ರೀ."

ಅವರು ಜೇಬಿನಿಂದ ಫೋನ್ ತೆಗೆದರು. ಹೂಸ್ಟನ್ನಿನಲ್ಲಿ ಆಗ ಬೆಳಿಗ್ಗೆ, ಆಫೀಸು ತೆರೆದಿರುವ ಹೊತ್ತು. ವಾಸನೆ ಬಂದಿಲ್ಲ, ಬಂದಿದೆ ಎಂದದ್ದು ಸುಳ್ಳು, ಸೋಮವಾರ ನನ್ನನ್ನು ಒಳಗೆ ಬಿಡಬೇಡಿ ಎಂದು ಇಂಗ್ಲಿಷಿನಲ್ಲಿ, ಒಂದೊಂದೇ ಮಾತಾಗಿ ಬಾಸ್‌ಗೆ ಹೇಳಿದರು. ಆ ಕಡೆಯವರು ಏನೆಂದರೋ ನನಗೆ ಕೇಳಿಸಲಿಲ್ಲ. ಇವರು ಎರಡು ಸಲ "ಯೆಸ್" ಅಂದು ಫೋನ್ ತೊಡೆಯ ಮೇಲಿಟ್ಟುಕೊಂಡರು.

"ಎರಡನೇದು ಹೇಗಿತ್ತು?"

"ಚೆನ್ನಾಗಿತ್ತು."

"ಹಾಗಲ್ಲ. ಸರಿಯಾಗಿ ಹೇಳು."

ನೆನಪು ಮಾಡಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ತಪ್ಪು ಹೇಳಬಾರದು ಅನ್ನಿಸಿತು. "ಮೊದಲು ನಿಂಬೆಹಣ್ಣಿನ ಸಿಪ್ಪೆ. ಆಮೇಲೆ ಸ್ಲೇಟ್ ಇರ್ತಿತ್ತಲ್ಲ, ಒದ್ದೆ ಬಟ್ಟೇಲಿ ಒರೆಸಿದ ತಕ್ಷಣ ಬರೋದು. ಅದು."

"ಪನ್ನೀರು?"

"ಇರ್ಲಿಲ್ಲ."

"ಇರ್ಲಿಲ್ವಾ," ಎಂದು ಅವರು ಬಸ್ಸು ಬರುವ ದಿಕ್ಕಿಗೆ ನೋಡಿದರು.