ಕ್ರಿಯಾಪದಕ್ಕೊಬ್ಬ ಕರ್ತೃ

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ನಶ್ಯದ ಚಟ. ನನಗೆ ಪದ ಬಿಡಿಸುವ ಚಟ. ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಕೂತೆನೆಂದರೆ ಎದುರಿನ ಅಂಗಡಿಗಳ ಬೋರ್ಡುಗಳನ್ನೆಲ್ಲ ಪ್ರಕೃತಿ, ಪ್ರತ್ಯಯ, ಸಮಾಸವೆಂದು ಕಳಚಿ ಹರವಿಕೊಳ್ಳುತ್ತೇನೆ. ಮತ್ತೆ ಜೋಡಿಸಿ ಮುಗಿಸುವಷ್ಟರಲ್ಲಿ ಎಷ್ಟೋ ಸಲ ಬಸ್ಸೇ ಹೊರಟುಹೋಗಿರುತ್ತದೆ. ಆಯುಷ್ಯದ ಬಹುಭಾಗ ಹೈಸ್ಕೂಲಿನಲ್ಲಿ ವ್ಯಾಕರಣ ಬೋಧಿಸಿ ನಿವೃತ್ತನಾದವನಿಗೆ ಇದಕ್ಕಿಂತ ಘನವಾದ ವ್ಯಸನ ಎಲ್ಲಿಂದ ಬಂದೀತು, ನೀವೇ ಹೇಳಿ! ತೊಗರಿಬೇಳೆ ತನ್ನಿ ಎಂದರೆ ಅದರ ವಿಗ್ರಹವಾಕ್ಯ ಮಾತ್ರ ತರುತ್ತಾರೆಂದು ನನ್ನ ಹೆಂಡತಿ ಬೀದಿಗೆಲ್ಲ ಸಾರಿದ್ದಾಳೆ.

ನನ್ನ ಈ ವ್ಯಸನವನ್ನೇ ವಿದ್ಯೆಯಾಗಿ ಮಾಡಿಕೊಂಡವಳು ರೆಹಾನಾ. ಚಿತ್ರದುರ್ಗದ ಬಟ್ಟೆ ವ್ಯಾಪಾರಿಯೊಬ್ಬರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಭಾಷಾವಿಜ್ಞಾನದ ಸಂಶೋಧನೆಯಲ್ಲಿದ್ದಾಳೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಪದಗಳು ಹೇಗೆ ಕಟ್ಟಿಕೊಳ್ಳುತ್ತವೆ ಎಂಬುದು ಅವಳ ವಿಷಯ. ಶಾಲೆಯ ಕನ್ನಡ ತಾಗದ ಹಿರಿಯ ನಾಲಿಗೆಯೊಂದು ಬೇಕು ಸಾರ್ ಎಂದಳು. ನಾನು ಹಿಂದುಮುಂದು ನೋಡದೆ ಅವಳನ್ನು ಜವನಗೊಂಡನಹಳ್ಳಿಗೆ, ನನ್ನ ಅಕ್ಕ ಗಂಗಮ್ಮನ ಮನೆಗೆ ಕರೆದೊಯ್ದೆ.

ಅದರಲ್ಲಿ ನನ್ನದೊಂದು ಸ್ವಾರ್ಥವೂ ಇತ್ತು. ಅಕ್ಕ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಇದ್ದೊಬ್ಬ ಮಗ ನಾಗರಾಜ, ಲಾರಿ ಓಡಿಸುತ್ತಿದ್ದವನು, ಕಾಮಾಲೆಯಿಂದ ತೀರಿಕೊಂಡ. ಮಣ್ಣು ಮಾಡಿ ಬಂದ ದಿನವೂ ಅಕ್ಕ ಅಳಲಿಲ್ಲ. ಬೇಕು, ಬೇಡ ಎಂಬೆರಡರಲ್ಲಿ ಸಂಸಾರ ತೂಗಿಸತೊಡಗಿದಳು. ನಾವು ಬಂಧುಗಳೂ ಅವಳೆದುರು ಅವನ ಹೆಸರೆತ್ತುವುದನ್ನು ಬಿಟ್ಟೆವು. ಅದೇ ಹೆಸರಿನ ಪಕ್ಕದ ಮನೆಯವನನ್ನು ಕೂಡ 'ಅಂಗಡಿಯವನು' ಎಂದೇ ಕರೆದೆವು. ಕರುಣೆಯೆಂದೇ ನಂಬಿ ಮಾಡಿದ ಕೆಲಸ ಅದು. ಈ ಹುಡುಗಿಯ ನೆಪದಲ್ಲಾದರೂ ಅಕ್ಕ ನಾಲ್ಕು ಮಾತಾಡಿಯಾಳೆಂಬುದು ನನ್ನ ಆಸೆಯಾಗಿತ್ತು.

ಭಾವ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಧ್ವನಿಮುದ್ರಣದ ಯಂತ್ರವಿಟ್ಟು ರೆಹಾನಾ ತನ್ನ ಪದ್ಧತಿಯನ್ನು ವಿವರಿಸಿದಳು. ಒಂದೊಂದು ಕ್ರಿಯಾಪದ ಹಿಡಿದು, ಆದದ್ದು, ಆಗುವುದು, ಆಗದಿರುವುದು, ಹೀಗೆ ಅದರ ರೂಪಗಳನ್ನೆಲ್ಲ ಹೇಳಿಸಬೇಕು. 'ಅವನು' ಎಂದು ಕೇಳಿದರೆ ಜನ ಪುಸ್ತಕದ ಭಾಷೆಗೆ ಜಾರಿಬಿಡುತ್ತಾರಂತೆ. ಮನೆಯ ಗಂಡಸೊಬ್ಬನ ಹೆಸರು ಹಿಡಿದರೆ ಮಾತು ಸಲೀಸಾಗಿ ಹರಿಯುತ್ತದಂತೆ. ಗಂಡನ ಹೆಸರನ್ನು ಅಕ್ಕನ ಕಾಲದ ಹೆಂಗಸರು ಹೇಳುವವರಲ್ಲ. ನನ್ನ ಹೆಸರೇ ಇರಲಿ ಎನ್ನಲು ನಾನು ಬಾಯಿ ತೆರೆದೆ.

"ನಾಗರಾಜ ಅಂತ ಇಟ್ಕಳವ್ವ," ಎಂದಳು ಅಕ್ಕ.

ರೆಹಾನಾಗೆ ಏನೂ ಗೊತ್ತಿರಲಿಲ್ಲ. ಉಣ್ಣು ಎಂಬುದರಿಂದ ಆರಂಭಿಸಿದಳು. ನಾಗರಾಜ ಉಂಡ, ನಾಗರಾಜ ಉಣ್ತಾನೆ, ನಾಗರಾಜ ಉಣ್ಣಲ್ಲ ಎಂದ ಅಕ್ಕ, ಬದನೆಕಾಯಿ ಮಾಡಿದರೆ ಮಾತ್ರ ಉಣ್ಣಲ್ಲ ಎಂದು ಕೇಳದೆಯೇ ಸೇರಿಸಿದಳು. ಮಲಗು ಎಂದರೆ ಅವನು ಮಲಗುವ ಕಟ್ಟೆ ತೋರಿಸಿದಳು. ನಗು ಎಂದಾಗ ತಾನೂ ನಕ್ಕಳು. ಆ ಹೆಸರು ಬಾಯಿಗೆ ಬಂದಂತೆಲ್ಲ ಅವಳ ಮುಖದಲ್ಲಿ ಕಳೆ ಏರುತ್ತಿತ್ತು. ಅವಳ ಮಗನನ್ನು ಯಮ ಒಯ್ದ, ಹೆಸರನ್ನು ನಾವು ಒಯ್ದಿದ್ದೆವು.

ಆಮೇಲೆ 'ಬರು' ಬಂತು. ಬಂದ ಎಂದಳು. ಬತ್ತಾನೆ ಎಂದಳು, ಬಾಗಿಲ ಕಡೆ ನೋಡಿ. ಮೂರನೆಯದಕ್ಕೆ ಸುಮ್ಮನಾದಳು. ರೆಹಾನಾ ನನ್ನತ್ತ ತಿರುಗಿದಳು. ನನ್ನ ಮುಖದಲ್ಲಿ ಏನು ಕಂಡಳೋ, ಬೇರೆ ಪದ ತೆಗೆದುಕೊಳ್ಳೋಣ ಎಂದು ಮೆಲ್ಲಗೆ ಹೇಳಿದಳು.

"ತಡಿಯವ್ವ, ಅಂತೀನಿ." ಅಕ್ಕ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ನಾಗರಾಜ ಬರಲ್ಲ."

ಹಾಗೆಂದವಳೇ ಅತ್ತಳು. ನಾಲ್ಕು ವರ್ಷದ ಅಳು. ಪಕ್ಕದ ಮನೆಯವರು ಓಡಿಬಂದು ಬಾಗಿಲಲ್ಲೇ ನಿಂತರು. ರೆಹಾನಾ ಯಂತ್ರ ಆರಿಸಿ, ತನ್ನ ದುಪಟ್ಟಾದಿಂದಲೇ ಅಕ್ಕನ ಕಣ್ಣೊರೆಸುತ್ತ ತಾನೂ ಅಳುತ್ತಿದ್ದಳು. ನಾನು ಕಂಬಕ್ಕೊರಗಿ ಕೂತಿದ್ದೆ.

ಬಹಳ ಹೊತ್ತಿನ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಲೇ, ನೀನೂ ಒಂದ್ಸಲ ಅನ್ನೋ ಅವನ ಹೆಸ್ರ. ಯಾರೂ ಅನ್ನಲ್ಲ ಕಣೋ."

ನಾಗರಾಜ ಎಂದೆ. ದನಿ ನನ್ನದಲ್ಲವೆನ್ನಿಸಿತು. ತಲೆಯೆಲ್ಲ ನರೆತ ತಮ್ಮನನ್ನು ಅಕ್ಕ ಹತ್ತಿರಕ್ಕೆಳೆದು ಮಡಿಲಿಗೆ ಹಾಕಿಕೊಂಡಳು; ಬೆನ್ನು ಸವರುತ್ತ, ಇನ್ನೊಂದ್ಸಲ ಅನ್ನು ಎಂದಳು.

ಅಂದೆ.