ಮಲಗಿಸಿ ಎಬ್ಬಿಸುವ ಸಾಹೇಬರು

ನಮ್ಮ ಆಫೀಸಿನ ಕಂಪ್ಯೂಟರ್ ಸಾಹೇಬರು ದೊಡ್ಡ ಯಂತ್ರವೊಂದರ ಹೊಟ್ಟೆಯೊಳಗೆ ಬರೀ ಸಾಫ್ಟ್‌ವೇರಿನಿಂದಾದ ಹತ್ತಾರು ಸುಳ್ಳು ಕಂಪ್ಯೂಟರುಗಳನ್ನು ಸಾಕಿದ್ದಾರೆ. ಸಂಜೆ ಅವನ್ನು ಇದ್ದ ಸ್ಥಿತಿಯಲ್ಲೇ ಮಲಗಿಸಿ, ಬೆಳಿಗ್ಗೆ ಅಲ್ಲಿಂದಲೇ ಎಬ್ಬಿಸುವುದು ಈ ಮಹಾನುಭಾವರ ಘನಕಾರ್ಯ. ಅದಕ್ಕೊಂದು ಎಸಿ ಕೋಣೆ ಬೇರೆ! ಮನೆಯ ಜಗಳವೂ ಹಾಗೇ: "ತಡಿಯೇ, ಸ್ನಾನ ಮಾಡ್ಕೊಂಡ್ ಬರ್ತೀನಿ" ಎಂದು ಹೆಂಡತಿಗೆ ಹೇಳಿ ಹೋಗಿ, ಒದ್ದೆ ತಲೆಯಲ್ಲಿ ಬಂದು ಬಿಟ್ಟ ಬೈಗುಳದಿಂದಲೇ ಶುರು ಮಾಡುತ್ತಾರಂತೆ. ಮೊನ್ನೆ ಜಾಗ ಸಾಲದೆಂದು ಮ್ಯಾನೇಜರು ಹಳೆಯವನ್ನೆಲ್ಲ ಅಳಿಸಲು ಹೇಳಿದರೆ, ಒಂದಕ್ಕೆ ಅಡ್ಡ ನಿಂತರು. "ನನ್ನ ಕೆಲ್ಸ ಬೇಕಾದ್ರೆ ತೆಗೀರಿ ಸಾರ್, ಇದು ನನ್ನ ತಂಗೀದು." ಇಲ್ಲೇ ದುಡಿಯುತ್ತಿದ್ದ ಆ ತಂಗಿ, ಅದನ್ನು ಮಲಗಿಸಿ ಊಟಕ್ಕೆ ಹೊರಟವಳು, ಎದುರಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಳು. ಇಂಥ ಯಾವುದೇ ಕಂಪ್ಯೂಟರು ಎದ್ದಾಗ ಮೊದಲು ತಾನು ಮಲಗಿದ ಹೊತ್ತನ್ನೇ ತೋರಿಸಿ, ನೆಟ್‌ವರ್ಕ್ ಸಿಕ್ಕ ಕೂಡಲೇ ಗಡಿಯಾರ ತಿದ್ದಿಕೊಳ್ಳುತ್ತದೆ. ತಂಗಿಯದನ್ನು ಎಬ್ಬಿಸುವ ಮುಂಚೆ ಮಾತ್ರ ಸಾಹೇಬರು ನೆಟ್‌ವರ್ಕ್ ತಂತಿ ಕಿತ್ತಿಡುತ್ತಾರೆ. ಅದರ ಗಡಿಯಾರದಲ್ಲಿ ಅವಳಿನ್ನೂ ರಸ್ತೆಗೆ ಇಳಿದಿಲ್ಲ.