ಜನರಲ್ ಡಿಸ್ಕು

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಕರೆಂಟ್ ಹೋಗಲಿ ಎಂದು ಕಾಯುವುದಿಲ್ಲ, ನಾನೇ ಸ್ವಿಚ್ ಆರಿಸುತ್ತೇನೆ.

ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಆಚೆ, ಒಂದು ಮನೆಯ ಮಹಡಿ ಮೇಲೆ ನನ್ನ ಕೋಣೆ. ಮೇಜಿನ ಮೇಲೆ ನಾಲ್ಕು ಡಿಸ್ಕ್ ಕೂರಿಸಿದ ಕಪ್ಪು ಪೆಟ್ಟಿಗೆ. ಅದಕ್ಕೆ ಏನು ಕೊಟ್ಟರೂ ನಾಲ್ಕಕ್ಕೂ ಹಂಚಿ ಬರೆಯುತ್ತದೆ, ಒಂದು ಡಿಸ್ಕ್ ಸತ್ತರೆ ಉಳಿದ ಮೂರರಿಂದ ಕಳೆದದ್ದನ್ನು ಕಟ್ಟಿಕೊಡುತ್ತದೆ. ಆದರೆ ಹಂಚುವ ಮಧ್ಯದಲ್ಲಿ ಕರೆಂಟ್ ಹೋದರೆ ಎರಡು ಡಿಸ್ಕಿನಲ್ಲಿ ಹೊಸತು, ಎರಡರಲ್ಲಿ ಹಳೆಯದು ಉಳಿಯುತ್ತದೆ. ಆಮೇಲೆ ಪೆಟ್ಟಿಗೆ ಕಟ್ಟಿಕೊಡುವುದು ಸುಳ್ಳು. ಹಾಗಾಗದಿರಲಿ ಎಂದು ಬರೆಯಬೇಕಾದುದನ್ನೆಲ್ಲ ಮೊದಲು ಒಂದು ಚಿಕ್ಕ, ಚುರುಕಾದ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಅದರ ಹೆಸರು ಜರ್ನಲ್. ಕರೆಂಟ್ ಬಂದ ಮೇಲೆ ಪೆಟ್ಟಿಗೆ ಜರ್ನಲನ್ನು ಓದಿಕೊಂಡು ಅರ್ಧಕ್ಕೆ ನಿಂತದ್ದನ್ನು ಪೂರೈಸುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ, ಯಾವ ಡಿಸ್ಕಿಗೆ ಏನಾಗಿದೆ ಎಂದು ಮಾಲೀಕರಿಗೆ ತಿಳಿಸುವ ಸಾಫ್ಟ್‌ವೇರ್ ಬರೆಯುವವಳು ನಾನು.

ಪೆಟ್ಟಿಗೆಗಳನ್ನು ಮಾರುವ ಕಂಪನಿ ಚಿಕ್ಕದು. ಆಫೀಸು ಮುಚ್ಚಿ ಎಲ್ಲರನ್ನೂ ಮನೆಯಿಂದಲೇ ಕೆಲಸ ಮಾಡಲು ಹೇಳಿದ್ದಾರೆ. ನನಗೆ ಅದು ಒಗ್ಗಿತು. ಸಂಜೆ ಹಾಲು ತರಲು ಇಳಿದಾಗ ಕೆಲವು ಸಲ ಸ್ವರ ಹೊರಡುವುದಿಲ್ಲ. ಕೆಮ್ಮಿ ಸರಿಮಾಡಿಕೊಂಡು ಅರ್ಧ ಲೀಟರ್ ಎನ್ನುತ್ತೇನೆ. ಬೆಳಗಿನಿಂದ ಯಾರೊಂದಿಗೂ ಮಾತಾಡಿಲ್ಲ ಎಂಬುದು ಆಗ ಗೊತ್ತಾಗುತ್ತದೆ. ಇದನ್ನು ದೂರೆಂದು ಬರೆಯುತ್ತಿಲ್ಲ. ಹೀಗಿರುವುದನ್ನು ಆರಿಸಿಕೊಂಡವಳು ನಾನೇ.

ನನ್ನ ಸಾಫ್ಟ್‌ವೇರ್ ಬಳಸುವವರನ್ನೂ ನಾನು ಕಂಡಿರಲಿಲ್ಲ. ಒಂದು ದಿನ ಕಂಪನಿಯ ಗ್ರೂಪಿನಲ್ಲಿ ಮೆಸೇಜು ಬಂತು: ಚನ್ನಪಟ್ಟಣದ ಒಂದು ಫೋಟೊ ಸ್ಟುಡಿಯೊದಲ್ಲಿ ಪೆಟ್ಟಿಗೆ ಕೆಟ್ಟಿದೆ, ಫೋನಿನಲ್ಲಿ ವಿಚಾರಿಸುವ ಹುಡುಗ ರಜೆಯಲ್ಲಿದ್ದಾನೆ, ಅಲ್ಲಿಗೆ ಹತ್ತಿರದವರು ಯಾರಾದರೂ ಇದ್ದೀರಾ? ಸುಮ್ಮನಿದ್ದರೆ ನಡೆಯುತ್ತಿತ್ತು. ನಾನು ಸ್ಟುಡಿಯೊಗೆ ಫೋನ್ ಮಾಡಿದೆ.

“ಮೇಡಂ, ಎಲ್ಲಾ ಐತೆ, ಧಾರೆ ಒಂದೇ ಇಲ್ಲ” ಎಂದರು ಆ ಕಡೆಯಿಂದ ಸ್ಟುಡಿಯೊ ಮಾಲೀಕರು.

“ಯಾವ ಧಾರೆ?” ಎಂದೆ. ಯಾವುದೋ ತಾಂತ್ರಿಕ ಪದವನ್ನು ಕನ್ನಡದಲ್ಲಿ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

“ಮದುವೆ ಧಾರೆ ಮೇಡಂ! ಇನ್ಯಾವ ಧಾರೆ ಐತೆ ಲೋಕದಲ್ಲಿ?”

ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ಕೇಳಿದೆ. ಕೆಂಪಕ್ಷರ, ‘ಜರ್ನಲ್ ಮಿಸ್ಸಿಂಗ್’ ಎಂದಿದೆ, ಕೆಳಗೆ ‘ಫೋರ್ಸ್’ ಅಂತ ಒಂದು ಬಟನ್ ಇದೆ, ಇಂಟರ್‌ನೆಟ್ಟಿನಲ್ಲಿ ಯಾರೋ ಅದನ್ನು ಒತ್ತಲು ಹೇಳಿದ್ದಾರೆ, ಒತ್ತಿದರೆ ಮುಂದಕ್ಕೆ ಹೋಗುತ್ತಿಲ್ಲ ಎಂದರು.

“ಮತ್ತೆ ಒತ್ತಬೇಡಿ. ಏನನ್ನೂ ಮುಟ್ಟಬೇಡಿ. ನಾನು ಬರ್ತೀನಿ” ಎಂದೆ. ಬರುತ್ತೇನೆ ಎಂದದ್ದು ನನಗೇ ಆಶ್ಚರ್ಯವಾಯಿತು.

ಸ್ಟುಡಿಯೊ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಇತ್ತು. ಒಳಗೆ ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಳ್ಳುವವರಿಗೆಂದು ಇಟ್ಟ ಸ್ಟೂಲಿನ ಮೇಲೆ, ಬಿಳಿ ಪರದೆಯ ಮುಂದೆ, ಒಬ್ಬ ಹೆಂಗಸು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮದುಮಗಳ ತಾಯಿ. ವಿರೂಪಾಕ್ಷಿಪುರದ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಾರಂತೆ, ವಿಡಿಯೊ ತೆಗೆದುಕೊಂಡು ಹೋಗಲು.

ಪೆಟ್ಟಿಗೆಯ ಮುಚ್ಚಳ ತೆಗೆದೆ. ನಾಲ್ಕು ಡಿಸ್ಕೂ ಇದ್ದವು. ಪಕ್ಕದ ಚಿಕ್ಕ ಗೂಡು ಖಾಲಿ.

“ಇಲ್ಲಿದ್ದ ಸಣ್ಣ ಡಿಸ್ಕ್ ಎಲ್ಲಿ?”

“ಅದಾ? ಅದು ಜನರಲ್ ಡಿಸ್ಕಲ್ವಾ ಮೇಡಂ, ತೆಗ್ದು ನಮ್ ಬಾಮೈದನಿಗೆ ಕೊಟ್ಟೆ.”

“ಜನರಲ್?”

“ನಿಮ್ಮ ಆಫೀಸಿನೋರೇ ಫೋನಲ್ಲಿ ಹೇಳಿದ್ರಲ್ಲ. ಈ ನಾಲ್ಕೂ ಡೇಟಾ ಡಿಸ್ಕು, ಆ ಸಣ್ಣದು ಜನರಲ್ ಡಿಸ್ಕು ಅಂತ. ಜನರಲ್ ಅಂದ್ರೆ ರೈಲಲ್ಲಿ ಜನರಲ್ ಬೋಗಿ ಇದ್ದಂಗೆ, ಯಾರ್ ಬೇಕಾದ್ರೂ ಕೂತ್ಕಬೋದು. ಫೋಟೊ ಗೀಟೊ ಏನೂ ಇರಕ್ಕಿಲ್ಲ ಅದ್ರಲ್ಲಿ ಅಂದ್ಕಂಡೆ.”

“ಜನರಲ್ ಅಲ್ಲ, ಜರ್ನಲ್.”

ಅವರು ಒಂದೆರಡು ಸಲ ಹೇಳಿ ನೋಡಿದರು. “ಎರಡೂ ಒಂದೇ ತರ ಕೇಳ್ತದಲ್ಲ ಮೇಡಂ.”

ಕೇಳುತ್ತದೆ. ಆ ಪದವನ್ನು ಅಷ್ಟು ವರ್ಷ ಟೈಪ್ ಮಾಡಿದ್ದೆನೇ ಹೊರತು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ನಡೆದದ್ದನ್ನು ಒಂದೊಂದಾಗಿ ಕೇಳಿಕೊಂಡೆ. ಮದುವೆಯ ಫೈಲುಗಳನ್ನು ಪೆಟ್ಟಿಗೆಗೆ ಹಾಕಿದ್ದಾರೆ, ಕೊನೆಯದು ಧಾರೆ. ಕಾಪಿ ಮುಗಿಯಿತು ಎಂದು ಪರದೆ ತೋರಿಸಿದೆ. ಮರುದಿನ ಬೇರೆ ಮದುವೆ ಇದ್ದುದರಿಂದ ಕ್ಯಾಮರಾ ಕಾರ್ಡಿನಲ್ಲಿದ್ದುದನ್ನು ಅಳಿಸಿದ್ದಾರೆ. ಆ ಹೊತ್ತಿಗೇ ಕರೆಂಟ್ ಹೋಗಿದೆ. ಊಟಕ್ಕೆ ಬಂದಿದ್ದ ಬಾಮೈದ, ತನ್ನ ಲ್ಯಾಪ್‌ಟಾಪ್ ಎತ್ತಿನ ಗಾಡಿಯಂತಾಗಿದೆ ಎಂದು ಗೋಳಾಡಿದ್ದಾನೆ. ಹೇಗಿದ್ದರೂ ಪೆಟ್ಟಿಗೆ ಆರಿದೆಯಲ್ಲ ಎಂದು ಇವರು ಸಣ್ಣ ಡಿಸ್ಕ್ ಕಿತ್ತು ಕೊಟ್ಟಿದ್ದಾರೆ.

ಇವರ ಪೆಟ್ಟಿಗೆಯನ್ನು ವೇಗದ ಕ್ರಮಕ್ಕೆ ಹೊಂದಿಸಲಾಗಿತ್ತು. ಆ ಕ್ರಮದಲ್ಲಿ ಜರ್ನಲಿಗೆ ಸೇರಿದ ಕೂಡಲೇ ‘ಮುಗಿಯಿತು’ ಎಂದು ಹೇಳುತ್ತದೆ, ನಾಲ್ಕು ಡಿಸ್ಕಿಗೆ ಹಂಚುವುದು ಆಮೇಲೆ, ಬಿಡುವಾದಾಗ. ಹಂಚುವ ಮೊದಲೇ ಕರೆಂಟ್ ಹೋಯಿತು. ಎಂದರೆ ಧಾರೆ ಈಗ ಇರುವುದು ಆ ಸಣ್ಣ ಡಿಸ್ಕಿನಲ್ಲಿ ಮಾತ್ರ. ಅದು ಬಾಮೈದನ ಊರು ಮಾಗಡಿಯಲ್ಲಿದೆ.

ಫೋರ್ಸ್ ಒತ್ತಿದಾಗ ಏನಾಯಿತು ಎಂದು ಕೇಳಿದೆ. ಜರ್ನಲ್ ಬಿಟ್ಟು ಮುಂದೆ ಹೋಗು ಎಂದು ಅದರ ಅರ್ಥ. ಹೋಗಿದ್ದರೆ ಡಿಸ್ಕ್ ಸಿಕ್ಕರೂ ಉಪಯೋಗವಿರುತ್ತಿರಲಿಲ್ಲ. ಹಾಗೆ ಸುಮ್ಮನೆ ಒತ್ತಿಬಿಡದಿರಲಿ ಎಂದು, ಡಿಸ್ಕುಗಳಿಗೆ ಇನ್ನೂ ಸೇರದಿರುವುದೆಲ್ಲ ಹೋದರೂ ಒಪ್ಪಿಗೆ ಎಂಬ ವಾಕ್ಯವನ್ನು ಪೂರ್ತಿ ಟೈಪ್ ಮಾಡಿದರಷ್ಟೇ ಮುಂದೆ ಹೋಗುವಂತೆ ನಾನು ಇಟ್ಟಿದ್ದೆ. ಇಷ್ಟುದ್ದ ಯಾರು ಟೈಪ್ ಮಾಡುತ್ತಾರೆ ಎಂದು ಕಂಪನಿಯಲ್ಲಿ ನಕ್ಕಿದ್ದರು.

“ಅದೇನೋ ಬರಿ ಅಂತು ಮೇಡಂ, ಎಲ್ಲಾ ಹೋಗ್ಲಿ ಅಂತ. ಮದುವೆ ಕೆಲ್ಸದಲ್ಲಿ ಅನ್ನ ತಿನ್ನೋನು ನಾನು. ಮದುವೆ ವಿಡಿಯೊ ಮುಂದೆ ಕೂತ್ಕಂಡು ಅಂಥ ಅಪಶಕುನದ ಮಾತು ಬರಿಯಕ್ಕಾಯ್ತದಾ? ಕೈಯೇ ಬರ್ನಿಲ್ಲ.”

ನಾನು ಆ ವಾಕ್ಯ ಇಟ್ಟದ್ದು ಬೇರೆ ಕಾರಣಕ್ಕೆ. ಆದರೂ ಒಳಗೊಳಗೇ ಹಗುರವಾಯಿತು.

ಅವರು ಬಾಮೈದನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. “ಲೇ, ಆ ಡಿಸ್ಕ್ ಏನ್ ಮಾಡ್ದ್ಲಾ?”

“ಲ್ಯಾಪ್‌ಟಾಪಿಗೆ ಹಾಕ್ದೆ ಭಾವ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು.”

ಮಾಲೀಕರು ನನ್ನನ್ನು ನೋಡಿದರು. “ನೀನೇನಂದೆ?”

“ಏನನ್ಲಿ, ಅಷ್ಟೊತ್ತಿಗೆ ಚಾರ್ಜ್ ಹೋಯ್ತು. ಬಿಚ್ಚಿ ಮಡಗಿದ್ದೀನಿ.”

“ಮುಟ್ಟಬ್ಯಾಡ ಕಣ್ಲಾ ಇನ್ನ! ಈಗಿಂದೀಗ್ಲೇ ರಾಮನಗರದ ಬಸ್ ಡ್ರೈವರ್ ಕೈಲಿ ಕೊಟ್ಟು ಕಳ್ಸು.”

“ಕೊಟ್ಟುದ್ನ ವಾಪಸ್ ಕೇಳ್ತೀಯಲ್ಲ ಭಾವ, ನಾಚ್ಕೆ ಆಗಲ್ವಾ?”

“ನಿಮ್ಮಕ್ಕನ್ನೂ ವಾಪಸ್ ಕಳಿಸ್ಬುಡ್ತೀನಿ, ಕಳ್ಸುಲೇ ಮೊದ್ಲು!”

ಸ್ಟೂಲಿನ ಮೇಲಿದ್ದ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಡಿಸ್ಕನ್ನು ಒದ್ದೆಯಿಲ್ಲದ ಡಬ್ಬಿಯಲ್ಲಿ ಹಾಕಿ ಕೊಡಲು ನಾನು ಹೇಳಿಸಿದೆ. ಬಸ್ಸಿನ ನಂಬರ್ ಬರುತ್ತಲೇ ಮಾಲೀಕರು ಬೈಕ್ ತೆಗೆದುಕೊಂಡು ರಾಮನಗರದ ಬಸ್ ಸ್ಟ್ಯಾಂಡಿಗೆ ಹೊರಟರು. ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು.

“ರಿಪೇರಿಯವಳು ನೀನೇನವ್ವ?”

“ಹೌದಮ್ಮ.”

“ಮದುವೆ ಆಗಿದ್ದದಾ?”

“ಇಲ್ಲ.”

“ಮನೇಲಿ ಯಾರ್‍ಯಾರವ್ರೆ?”

“ಅಮ್ಮ ಕನಕಪುರದಲ್ಲಿದ್ದಾರೆ, ಅಣ್ಣನ ಜೊತೆ. ಇಲ್ಲಿ ನಾನೊಬ್ಳೇ.”

“ಒಬ್ಳೇ ಅಂದ್ರೆ, ಮಾತುಕತೆಗೆ?”

“ಕೆಲಸ ಇರುತ್ತಲ್ಲಮ್ಮ.”

“ಕೆಲ್ಸ ಮಾತಾಡ್ತದಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬ್ಯಾಗಿನಿಂದ ಎರಡು ಬಾಳೆಹಣ್ಣು ತೆಗೆದು ಒಂದನ್ನು ನನಗೆ ಕೊಟ್ಟರು.

ಡಿಸ್ಕ್ ಬಂದರೂ ಅದರೊಳಗಿನದು ಸರಿಯಿರುತ್ತದೆ ಎಂದು ಹೇಳುವಂತಿರಲಿಲ್ಲ. ಲ್ಯಾಪ್‌ಟಾಪಿಗೆ ಸೇರಿಸಿದ್ದಾಗ ಅದೇನಾದರೂ ಬರೆದಿರಬಹುದು. ಕೆಟ್ಟ ಸುದ್ದಿಗೆ ಈಗಲೇ ಅವರನ್ನು ಸಿದ್ಧಮಾಡುವುದು ಒಳ್ಳೆಯದೆನಿಸಿತು. ಇಂಥ ಮಾತು ನನಗೆ ಬರುವುದಿಲ್ಲ, ಆದರೂ ಹೇಳಿದೆ: “ಬರಬಹುದಮ್ಮ, ಬರದೇನೂ ಇರಬಹುದು. ಹೇಗೂ ನೀವು ಅಲ್ಲೇ ಇದ್ರಲ್ಲ, ಕಣ್ಣಾರೆ ನೋಡಿದ್ದೀರಲ್ಲ.”

“ಎಲ್ಲಿ ನೋಡ್ದೆ ಮಗ? ಉಗ್ರಾಣದಲ್ಲಿದ್ದೆ.”

ಬಾಳೆಹಣ್ಣಿನ ಸಿಪ್ಪೆಯನ್ನು ಮಡಿಸುತ್ತಾ ಹೇಳಿದರು. ಮಗಳು ಚಿಕ್ಕವಳಿದ್ದಾಗಲೇ ಗಂಡ ತೀರಿಕೊಂಡರಂತೆ. “ನಾನು ಮಂಟಪದ ತಾವ ನಿಂತ್ಕಳಂಗಿಲ್ವಲ್ಲ. ನಮ್ಮಣ್ಣ ಅತ್ತಿಗೆ ಧಾರೆ ಎರೆದ್ರು. ಬ್ಯಾಡ ಅಂತ ಯಾರೂ ಅನ್ನನಿಲ್ಲ ಕಣವ್ವ, ಸುಳ್ಳು ಹೇಳಬಾರ್ದು. ಬಾ ಅಂತಾನೂ ಯಾರೂ ಅನ್ನನಿಲ್ಲ. ಉಗ್ರಾಣದ ಬೀಗದ ಕೈ ತಂದು ನನ್ನ ಕೈಲಿ ಕೊಟ್ರು. ಸಕ್ಕರೆ ಕೊಡು, ತುಪ್ಪ ಕೊಡು ಅಂತ ಬತ್ತಾನೇ ಇದ್ರು. ವಾಲಗ ಜೋರಾಯ್ತಲ್ಲ, ಓ ಆಯ್ತು ಅಂದ್ಕಂಡೆ.”

ನನ್ನ ಕೈಯ ಸಿಪ್ಪೆಯನ್ನೂ ತೆಗೆದುಕೊಂಡು ಮಡಿಸಿದರು.

“ಅದಕ್ಕೇ ಇವ್ನಿಗೆ ಮೊದ್ಲೇ ಹೇಳಿದ್ದೆ, ಧಾರೆ ಒಂದು ಚೆನ್ನಾಗಿ ಹಿಡಿಯಪ್ಪ, ಮಿಕ್ಕಿದ್ದು ಎಂಗಾರ ಇರ್ಲಿ ಅಂತ. ಬೆಳಗ್ಗಿಂದ ಇನ್ನೇನು ಬಂತು, ಇನ್ನೇನು ಬಂತು ಅಂತಾವ್ನೆ. ನೀನೊಬ್ಳೇ ನಿಜ ಹೇಳ್ದೋಳು, ಬರದೇನೂ ಇರ್ಬೋದು ಅಂತ. ಒಳ್ಳೇದಾಯ್ತು ಬುಡು.”

ಮಾಲೀಕರು ಬಂದರು. ಡಿಸ್ಕ್ ಒಂದು ಸ್ಟೀಲ್ ಟಿಫಿನ್ ಡಬ್ಬಿಯಲ್ಲಿತ್ತು, ಸುತ್ತ ಕರ್ಚೀಫು, ಉಪ್ಪಿನಕಾಯಿಯ ವಾಸನೆ. ಒರೆಸಿ ಗೂಡಿಗೆ ಕೂರಿಸಿದೆ. ಮೊದಲು ನೋಡಬೇಕಾದ್ದು ಇದು ಈ ಪೆಟ್ಟಿಗೆಯದೇ ಡಿಸ್ಕ್ ಹೌದೋ ಅಲ್ಲವೋ ಎಂದು. ಹೌದು. ಆಮೇಲೆ ಜರ್ನಲಿನ ಆರಂಭದ ಗುರುತು ಕೆಡದೆ ಇದೆಯೇ ಎಂದು. ಇತ್ತು. ಅಲ್ಲಿಂದ ಪುಟ ಪುಟವಾಗಿ ಓದಿ, ಪ್ರತಿಯೊಂದನ್ನೂ ತಾಳೆ ನೋಡಿ, ನಾಲ್ಕು ಡಿಸ್ಕಿಗೂ ಹಂಚುವ ಕೆಲಸ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಗೆ ನಿಲ್ಲಬೇಕು, ಮುಂದಿನದು ಹೋದಂತೆಯೇ.

ಇದನ್ನು ನನ್ನ ಕೋಣೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಓಡಿಸಿದ್ದೇನೆ. ಅಲ್ಲಿ ಬರೆಯುವುದು ನಾನೇ ಹುಟ್ಟಿಸಿದ ಅರ್ಥವಿಲ್ಲದ ಅಂಕಿಗಳು. ಹೋದರೆ ಇನ್ನೊಮ್ಮೆ ಹುಟ್ಟಿಸುತ್ತೇನೆ. ಹೋದರೆ ಹೋದದ್ದೇ ಎಂಬಂಥದ್ದನ್ನು ಅದು ಓದುವುದನ್ನು ಆವರೆಗೆ ನೋಡಿರಲಿಲ್ಲ. ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಪರದೆಯಲ್ಲಿ ನಿಧಾನವಾಗಿ ತುಂಬುತ್ತಿತ್ತು. ತಾಯಿ ಸ್ಟೂಲನ್ನು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತರು. ಪಟ್ಟಿ ಒಂದು ಕಡೆ ನಿಂತಿತು. ಮಾಲೀಕರು ಯಾವುದೋ ದೇವರಿಗೆ ಏನೋ ಹರಕೆ ಹೇಳಿಕೊಂಡರು. ಮತ್ತೆ ಹೊರಟಿತು. ಕೊನೆಯವರೆಗೂ ಹೋಯಿತು.

ಫೈಲು ತೆರೆದೆ.

ಮಂಟಪ ತುಂಬ ಜನ. ಮೊಬೈಲ್ ಎತ್ತಿ ಹಿಡಿದ ಕೈಗಳ ನಡುವೆ ತೆಂಗಿನಕಾಯಿ, ಕೂಡಿಸಿದ ಕೈಗಳು, ಸುರಿಯುವ ಹಾಲು ಕಂಡವು. ಸೋದರಮಾವನ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತಲೇ ಹಾಲು ಎರೆಯುತ್ತಿದ್ದರು. ವಾಲಗ ಜೋರಾಯಿತು. ಹುಡುಗಿ ಮಾತ್ರ ಕತ್ತು ಉದ್ದಮಾಡಿ ಎಡಗಡೆಗೆ, ಜನರ ಹಿಂದಕ್ಕೆ ನೋಡುತ್ತಿದ್ದಳು. ಯಾರೋ ಹೆಂಗಸು ಗದ್ದ ಹಿಡಿದು ಮುಖವನ್ನು ಮುಂದಕ್ಕೆ ತಿರುಗಿಸಿದರು. ಅವಳು ಮತ್ತೆ ಆ ಕಡೆಗೇ ತಿರುಗಿದಳು.

“ನೋಡಿ ಮೇಡಂ, ಕ್ಯಾಮರಾ ನೋಡಮ್ಮ, ಕ್ಯಾಮರಾ ನೋಡಮ್ಮ ಅಂತ ಎಷ್ಟ್ ಕೂಗುದ್ರೂ ಕೇಳ್ನಿಲ್ಲ. ಇಡೀ ಧಾರೆ ಇಂಗೇ” ಎಂದರು ಮಾಲೀಕರು.

ತಾಯಿ ಪರದೆಯ ಹತ್ತಿರಕ್ಕೆ ಬಗ್ಗಿದರು. “ಉಗ್ರಾಣದ ಬಾಗ್ಲು ಹಾಕಿತ್ತಲ್ಲ ಮಗ” ಎಂದರು ಪರದೆಗೇ. “ಏನ್ ಕಂಡಾತು ಅಲ್ಲಿ? ಮುಂದ್ಕೆ ನೋಡು.”

ಫೈಲು ಮುಗಿಯಿತು. ಮಾಲೀಕರು ಸುಮ್ಮನೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

“ಇನ್ನೊಂದ್ ಸಲ ಹಾಕವ್ವ.”

ಹಾಕಿದೆ. ಮತ್ತೆ ಕೇಳಿದರು, ಮತ್ತೆ ಹಾಕಿದೆ. ನಾನು ನೋಡುತ್ತಿದ್ದುದು ಪರದೆಯ ಕೆಳಗಿನ ಮೂಲೆಯನ್ನು. ಅಲ್ಲಿ ನಾಲ್ಕು ಡಿಸ್ಕಿನ ದೀಪಗಳೂ ಹಸಿರಾಗಿದ್ದವು. ಬೇರೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ.

ಧಾರೆಯನ್ನಷ್ಟೇ ಮಾಲೀಕರು ತಾಯಿಯ ಫೋನಿಗೆ ಹಾಕಿಕೊಟ್ಟರು. ಪೂರ್ತಿ ಮದುವೆಯದು ಆಮೇಲೆ ಕೊಡುತ್ತೇನೆ ಎಂದಾಗ, ನಿಧಾನಕ್ಕೆ ಕೊಡಪ್ಪ ಎಂದರು. ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ದಾರಿಯಲ್ಲಿ ಒಂದು ಸಲ ನನ್ನ ಮೊಣಕೈ ಹಿಡಿದುಕೊಂಡಿದ್ದರು, ರಸ್ತೆ ದಾಟಲು. ಅವರ ಬಸ್ಸು ಮೊದಲು ಬಂತು. ಕಿಟಕಿಯ ಪಕ್ಕ ಕೂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ವಿಡಿಯೊ ಹಚ್ಚಿದರು. ಸ್ವರ ತಗ್ಗಿಸುವುದು ಅವರಿಗೆ ಗೊತ್ತಿರಲಿಲ್ಲವೇನೋ. ಇಂಜಿನ್ನಿನ ಸದ್ದಿನ ಮೇಲೆ ವಾಲಗ ಕೇಳಿಸಿ ನಿಂತಿದ್ದವರು ತಿರುಗಿ ನೋಡಿದರು. ಬಸ್ಸು ಹೊರಡುವಾಗ ಕೈ ಬೀಸೋಣವೆಂದುಕೊಂಡೆ. ಅವರು ತಲೆ ಎತ್ತಲಿಲ್ಲ.

ರಾಮನಗರದ ಬಸ್ಸಿನಲ್ಲಿ ಕೂತು ಕಂಪನಿಯ ಗ್ರೂಪಿಗೆ ಬರೆಯತೊಡಗಿದೆ. ಉಗ್ರಾಣದ ಬಗ್ಗೆ, ಹುಡುಗಿ ತಿರುಗಿ ನೋಡಿದ ಬಗ್ಗೆ ಒಂದಿಷ್ಟು ಬರೆದು ಓದಿಕೊಂಡೆ. ಎಲ್ಲವನ್ನೂ ಅಳಿಸಿ, ‘ಚನ್ನಪಟ್ಟಣದ ಪೆಟ್ಟಿಗೆ ಸರಿಯಾಗಿದೆ, ಡೇಟಾ ಪೂರ್ತಿ ಬಂತು’ ಎಂದು ಕಳಿಸಿದೆ. ಒಬ್ಬರು ಹೆಬ್ಬೆರಳಿನ ಚಿತ್ರ ಹಾಕಿದರು. ಕೆಂಗಲ್ ದಾಟುವವರೆಗೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಏನಾಗಿತ್ತು ಎಂದು ಯಾರೂ ಕೇಳಲಿಲ್ಲ.